ಬಾಯಿ ಕಾಣದ ಪೈಪು

ಯಾರನ್ನೂ ನಂಬದ ನನ್ನ ಅಪ್ಪನಿಗೆ,

ಹಳ್ಳದ ಕಡೆಯ ಸವಳು ಹೊಲಕ್ಕೆ ಪೈಪು ಹಾಕಿಸಿದ ದಿನ ನೆನಪಿದೆಯಾ? ಉಪ್ಪೇರಿ ಬೆಳ್ಳಗಾದ ನೆಲದಲ್ಲಿ ತೂತಿನ ಪೈಪು ಹೂತು, ಮಣ್ಣು ಮುಚ್ಚಿ, ನಿಚರಾ ಆಯಿತು, ಅಂದರೆ ನೀರು ಬಸಿಯಲು ದಾರಿಯಾಯಿತು, ಇನ್ನು ಮಳೆ ಬಿದ್ದರೆ ಕೆಟ್ಟ ನೀರೆಲ್ಲ ಬಸಿದು ಹೋಗುತ್ತದೆ ಎಂದ ಗುತ್ತಿಗೆದಾರ. ನೀನು ಹಳ್ಳದ ದಂಡೆಗೆ ಇಳಿದು ಪೈಪಿನ ತುದಿಯ ಮುಂದೆ ಕುಕ್ಕರುಗಾಲಲ್ಲಿ ಕೂತೆ. "ಭೂಮಿ ಹೊಟ್ಯಾಗ ಏನ್ ಹುಗದೀಯೋ ಯಾರ್ ಕಂಡಾರ? ಬಾಯಾಗ ನೀರ್ ಬರೂತನಕ ನಾ ಏಳಾಂವಲ್ಲ" ಎಂದೆ. ಆಮೇಲೆ ದಿನಾ ಹೋಗಿ ಕೂರುತ್ತಿದ್ದೆ. ಮಳೆಗಾಲಕ್ಕೆ ಮುಂಚೆಯೇ ನೀನು ತೀರಿಹೋದೆ, ಪೈಪಿನ ಬಾಯಿ ಒಣಗಿಯೇ ಇತ್ತು.

ಮೊನ್ನೆ ಮಿರಜದ ಡಾಕ್ಟರ ಬಾಯಲ್ಲೂ ಅದೇ 'ನಿಚರಾ' ಬಂದಾಗ ನನ್ನ ಕಿವಿ ನೆಟ್ಟಗಾಯಿತು. ಅವ್ವನಿಗೆ ಬಲಪಕ್ಕೆಯಲ್ಲಿ ನೋವು, ಮೈ ನಡುಗಿಸುವ ಜ್ವರ. "ಪಿತ್ತದ ಪಿಶವ್ಯಾಗ ಕೀವು ತುಂಬೈತ್ರಿ. ತೆಗದ್ರ ಚಲೋ, ಆದ್ರ ಅವರ ಹೃದಯ ಆಪರೇಶನ್ ತಡ್ಯಂಗಿಲ್ಲ. ನಿಚರಾ ಮಾಡೂನ್ರಿ" ಎಂದರು. ಬಾಯಿಯಿಂದ ಕ್ಯಾಮೆರಾದ ನಳಿಗೆ ಇಳಿಸಿ, ಕರುಳಿನ ಗೋಡೆಯಿಂದ ಆ ಪಿಶವಿಗೆ, ಅಂದರೆ ಪಿತ್ತಕೋಶಕ್ಕೆ, ದಾರಿ ತೆರೆದು, ಅಲ್ಲೊಂದು ಗಿಡ್ಡ ಲೋಹದ ನಳಿಗೆ ಕೂರಿಸುತ್ತಾರಂತೆ. ಕೀವು ಕರುಳಿಗೆ ಬಸಿಯುತ್ತದಂತೆ. ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ. ಹೊಲಿಗೆ ಇಲ್ಲದ್ದನ್ನು ಮಾಡಿದ್ದಾರೋ ಬಿಟ್ಟಿದ್ದಾರೋ ತಿಳಿಯುವುದು ಹೇಗಪ್ಪಾ?

"ಅದರ ಬಾಯಿ ಎಲ್ಲಿ ಬರ್ತೈತ್ರಿ?" ಎಂದು ಕೇಳಿದೆ. ಡಾಕ್ಟರು ತಮ್ಮ ತುಟಿ ಮುಟ್ಟಿ ತೋರಿಸಿದರು. "ಆ ಬಾಯಿ ಅಲ್ರಿ, ನೀರು ಬೀಳೂ ಬಾಯಿ. ನಮ್ಮ ಕಣ್ಣಿಗೆ ಕಾಣಬೇಕಲ್ಲ" ಎಂದೆ. ಅದು ಒಳಗೇ ಇರುತ್ತದೆ, ಹೊರಗೆ ಕಾಣಬೇಕೆಂದರೆ ಪಕ್ಕೆಯಿಂದ ನಳಿಗೆ ಹಾಕಿ ಚೀಲ ಕಟ್ಟಬಹುದು, ಆದರೆ ಅದನ್ನು ಹೊತ್ತೇ ತಿರುಗಬೇಕು ಎಂದರು. ನನಗೆ ಚೀಲವೇ ಹಿಡಿಸಿತು. ಎಷ್ಟು ಬಂತು, ಯಾವ ಬಣ್ಣದ್ದು ಬಂತು, ಎಲ್ಲಾ ಕಣ್ಣೆದುರಿಗೇ ಇರುತ್ತದಲ್ಲ. ಅವ್ವ ಮಂಚದಿಂದಲೇ ಗದರಿದಳು: "ಚೀಲ ನೀ ಕಟಗೋ, ನನಗ ಬ್ಯಾಡ. ನಿಮ್ಮಪ್ಪ ಕುಂತಿದ್ನಲ್ಲ ನೀರ್ ಬರೂತನಕ, ಹಂಗ ಕುಂದ್ರು."

ಕೂತೆ, ಬಾಗಿಲ ಹೊರಗೆ, ನಿನ್ನ ಹಾಗೆಯೇ. ನಿನ್ನ ಬೆನ್ನಿಗೆ ಅವ್ವನೂ ಹೋದರೆ ಎಂಬ ಭಯಕ್ಕೆ, ಬಾಗಿಲು ತೆರೆದಾಗಲೆಲ್ಲ ಕೂತಲ್ಲಿಂದಲೇ ಒಳಗೆ ಇಣುಕುತ್ತಿದ್ದೆ. ಮುಗಿದ ಮೇಲೆ ಡಾಕ್ಟರು ಕರೆದು ಪರದೆಯ ಮೇಲೆ ನಳಿಗೆ ತೋರಿಸಿದರು, ಕೀವು ಸುರಿಯುವುದನ್ನೂ ತೋರಿಸಿದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನೀನೇ ಅಲ್ಲವೇ ಕಲಿಸಿದ್ದು? ಯಾರ ಹೊಟ್ಟೆಯ ಚಿತ್ರವೋ ಏನೋ. ಅವ್ವನ ಪಕ್ಕೆಯ ಸೀರೆ ಸರಿಸಿ ನೋಡಿದೆ, ಒಂದು ಗೀರೂ ಇರಲಿಲ್ಲ.

ಜ್ವರ ಇಳಿಯಿತು. ಇಳಿಸಿದ್ದು ಸೂಜಿಮದ್ದೋ ನಳಿಗೆಯೋ ಎಂದು ನಾನಿನ್ನೂ ಲೆಕ್ಕ ಹಾಕುತ್ತಿರುವಾಗಲೇ ಅವ್ವ ಕಣ್ಣು ತೆರೆದು, "ನುಚ್ಚು ಮಜ್ಜಿಗಿ ತಾ, ಹಸದೇನಿ" ಎಂದಳು. ಅನ್ನದ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದವಳು. ಡಾಕ್ಟರು ತುಟಿ ಮುಟ್ಟಿ ತೋರಿಸಿದ್ದು ನೆನಪಾಗಿ, ನಾನು ಕಾಣಬೇಕೆಂದ ಬಾಯಿ ಇದೇ ಅನಿಸಿ ಅಲ್ಲೇ ಅತ್ತುಬಿಟ್ಟೆ.

ಬಿಡುಗಡೆಯಾಗುವಾಗ ಡಾಕ್ಟರು, "ನಳಿಗೆ ಒಮ್ಮೊಮ್ಮೆ ಕಟ್ಟಿ ಮುಚ್ಚಿಕೋಬಹುದ್ರಿ. ಮತ್ತ ಚಳಿಜ್ವರ, ನೋವು ಬಂದ್ರ, ಕಣ್ಣು ಹಳದಿ ಆದ್ರ ತಡಾ ಮಾಡಬ್ಯಾಡ್ರಿ. ಸಂಶಯ ಇರ್ಲಿ" ಎಂದರು. ಸಂಶಯ ಇಟ್ಟುಕೊಳ್ಳಿ ಎಂದು ನಮ್ಮ ಮನೆಯವರಿಗೆ ಹೇಳಬೇಕೇ? ದಿನಾ ಬೆಳಿಗ್ಗೆ ಅವ್ವನನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ ಕಣ್ಣು ನೋಡುತ್ತೇನೆ, ಹಣೆ ಮುಟ್ಟುತ್ತೇನೆ. ಬಯ್ಯುತ್ತಾಳೆ. ಬಿಡುವುದಿಲ್ಲ, ನಿನ್ನಾಣೆ.

ನಿನ್ನೆ ಅವಳೇ ಹಠ ಹಿಡಿದು ನನ್ನನ್ನು ಹಳ್ಳದ ದಂಡೆಗೆ ಕರೆದುಕೊಂಡು ಹೋದಳು. ನೀನು ಹೋದ ಮೇಲೆ ನಾವು ಯಾರೂ ಅತ್ತ ಇಳಿದಿರಲಿಲ್ಲ. ಅವ್ವ, ಈ ಮಳೆಗೆ ಸಣ್ಣಗೆ ಸುರಿಯುತ್ತಿದ್ದ ಪೈಪಿನ ಬಾಯಿಗೆ ಅಂಗೈ ಒಡ್ಡಿ, ನಾಲಿಗೆಗೆ ಹಚ್ಚಿ, ಉಪ್ಪು ಐತಿ ಎಂದು ಉಗುಳಿದಳು. ಆಮೇಲೆ ನೀನು ಕೂರುತ್ತಿದ್ದ ಕಲ್ಲನ್ನು ನೋಡುತ್ತಾ ಹೇಳಿದಳು: "ನೀರ್ ಬಂದೈತಿ, ಇನ್ನರ ಏಳ್ರಿ."