ಅತ್ತೆಯ ಯೀಸ್ಟಿಗೆ ನಾಮಕರಣ

ರೋಹಿಣಿ, ದೆಹಲಿ
೧೨ ನವೆಂಬರ್ ೨೦೦೬

ಪ್ರೀತಿಯ ಯಜಮಾನರಿಗೆ,

ಅಕ್ಷರ ಕಾಗೆ ಕಾಲಿನಂತಿದೆ, ಒತ್ತಕ್ಷರಗಳೂ ತಪ್ಪಿರಬಹುದು. ನಾಲ್ಕನೇ ಕ್ಲಾಸಿಗೆ ನಿಂತ ಕೈ, ಕ್ಷಮಿಸಿ. ನಿಮ್ಮ ಕೆಮ್ಮು ಹೋಯಿತೇ? ಲೇಹ್‌ನಲ್ಲಿ ಚಳಿ ಹೆಚ್ಚಿರಬೇಕು, ಮಫ್ಲರು ಮರೆಯಬೇಡಿ. ನಿಮ್ಮ ರಸ್ತೆ ಕ್ಯಾಂಪಿಗೆ ಫೋನು ಸಿಗುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಆಸ್ಪತ್ರೆಯಲ್ಲಿ ಅತ್ತೆಯ ಜ್ವರ ಇನ್ನೂ ಬಿಟ್ಟಿಲ್ಲ. ರಕ್ತಕ್ಕೆ ಯೀಸ್ಟ್ ಎಂಬ ಬೂಷ್ಟು ಸೇರಿದೆಯಂತೆ. ಅದರಲ್ಲಿ ಹಲವು ಜಾತಿ, ಜಾತಿ ನೋಡಿ ಔಷಧಿ. ಆ ಜಾತಿ ಯಾವುದೆಂದು ಕೇಳಿ ಕೇಳಿ ನನಗೆ ಸಾಕಾಗಿಹೋಗಿದೆ. ಆಸ್ಪತ್ರೆಯ ಲ್ಯಾಬಿನವರು ಆ ಯೀಸ್ಟನ್ನು ರಕ್ತದ ತಿಳಿನೀರಿನಲ್ಲಿ ಬಿಟ್ಟು, ಮೈಕ್ರೋಸ್ಕೋಪಿನಲ್ಲಿ ನೋಡಿ, ಬಾಲ ಮೊಳೆತಿದೆ, ಅಂದರೆ ಮಾಮೂಲಿ ಜಾತಿ, ಮಾಮೂಲಿ ಔಷಧಿ ಸಾಕು ಎಂದರು. ಜ್ವರ ಇಳಿಯಲಿಲ್ಲ. ನಿಮ್ಮ ತಮ್ಮ ಮನೋಜ್ ಮತ್ತೆ ರಕ್ತ ತೆಗೆಸಿ ಪೀತಮ್‌ಪುರದ ಲ್ಯಾಬಿಗೆ ಒಯ್ದ. ಅಲ್ಲಿ ಬಣ್ಣ ಬರುವ ತಟ್ಟೆಯಲ್ಲಿ ಬೆಳೆಸಿದರು. ಕೆಲವು ಚುಕ್ಕೆ ಹಸಿರು, ಕೆಲವು ಗುಲಾಬಿ. ಹಸಿರು ಆ ಮಾಮೂಲಿ ಜಾತಿಯೇ, ಗುಲಾಬಿಯದು ಈ ಔಷಧಿಗೆ ಬಗ್ಗುವುದಿಲ್ಲವಂತೆ. ಈಗ ಎರಡು ಲ್ಯಾಬಿನವರಿಗೂ ತಮ್ಮದೇ ಸರಿ. ಮನೋಜನದು ಮೂರನೆಯ ರಾಗ. “ಅತ್ತಿಗೆ, ನೋಯ್ಡಾದಲ್ಲಿ ಜೀನ್ ಟೆಸ್ಟ್ ಮಾಡ್ತಾರೆ, ಅದೇ ಫೈನಲ್. ಒಂದು ವಾರ ತಾನೇ?” ಅನ್ನುತ್ತಾನೆ. ಒಂದು ವಾರ ಮಲಗಿರುವವರು ಯಾರು, ಅವನೇ?

ಅತ್ತೆ ಮಾತ್ರ ಬಿಡಲಿಲ್ಲ. “ನಿನ್ನ ಗಂಡನಿಗೆ ಹನ್ನೆರಡನೇ ದಿನಕ್ಕೇ ತೊಟ್ಟಿಲು ಕಟ್ಟಿ ಹೆಸರಿಟ್ವಿ ಕಣೇ. ಈ ಹಾಳಾದ್ದಕ್ಕೆ ಹೆಸರಿಡೋಕೆ ಇವರಿಗೆ ಎಷ್ಟು ತಿಂಗಳು ಬೇಕು?” ಎಂದು ನನ್ನ ಮೇಲೇ ರೇಗಿದರು, ನಾನೇ ಲ್ಯಾಬು ಇಟ್ಟವಳ ಹಾಗೆ. ಆದರೆ ನಿನ್ನೆಯಿಂದ ಬೈಯುವುದನ್ನೂ ನಿಲ್ಲಿಸಿದ್ದಾರೆ. ಅದೇ ನನಗೆ ಭಯ.

ಡಾಕ್ಟರಮ್ಮ ನಿನ್ನೆ ಹೇಳಿದ್ದು ಇಷ್ಟು: “ದೋನೋ ಸಹೀ ಹೈಂ,” ಇಬ್ಬರದೂ ಸರಿ. ರಕ್ತದಲ್ಲಿ ಎರಡು ಜಾತಿಯೂ ಇವೆ, ಬಾಲ ನೋಡಿದವರ ಕೈಗೆ ಒಂದೇ ಸಿಕ್ಕಿತ್ತು, ಅಷ್ಟೇ. ಎರಡಕ್ಕೂ ನಾಟುವ ಗಟ್ಟಿ ಇಂಜೆಕ್ಷನ್ ಇದೆ, ಆದರೆ ಅದರಿಂದ ಕಿಡ್ನಿಗೆ ಪೆಟ್ಟಾದರೂ ಆಗಬಹುದು, ಮನೆಯವರು ರುಜು ಹಾಕಬೇಕು ಎಂದರು. ಮನೋಜ್ ಒಪ್ಪಲಿಲ್ಲ. ಅಣ್ಣ ಹೇಳಲಿ, ಜೀನ್ ರಿಪೋರ್ಟ್ ಬರಲಿ ಅಂದ. ನಾನು ಎಂದಿನಂತೆ ಸೆರಗು ತಿರುಚುತ್ತಾ ಗೋಡೆಗೆ ಒರಗಿದ್ದೆ.

ನಿಮ್ಮ ಆರೋಗ್ಯ ನೋಡಿಕೊಳ್ಳಿ. ಅತ್ತೆಯ ಆಶೀರ್ವಾದ ನಿಮ್ಮ ಮೇಲಿರಲಿ.

ನಿಮ್ಮ
ಜಲಜಾ

ಮರೆತೆ, ಅಲ್ಲ, ಬರೆಯಲು ಹೆದರಿದ್ದೆ: ಈ ಕಾಗದ ಹೋಗಿ ನಿಮ್ಮ ಉತ್ತರ ಬರುವವರೆಗೆ ಅತ್ತೆಗೆ ತಡೆಯದು ಅನ್ನಿಸಿತು. ಇವತ್ತು ಬೆಳಗ್ಗೆ ಡಾಕ್ಟರಮ್ಮ “ಘರ್ ಮೇ ಬಡಾ ಕೌನ್ ಹೈ?”, ಮನೆಗೆ ದೊಡ್ಡವರು ಯಾರು, ಎಂದಾಗ ಮುಂದೆ ಹೋದೆ. ಮನೋಜ್ “ಅತ್ತಿಗೆ, ತಡೀರಿ” ಅನ್ನುತ್ತಲೇ ಇದ್ದ. ಅವನ ಪೆನ್ನನ್ನೇ ಕೇಳಿ ಇಸಕೊಂಡು, ಇದೇ ಕಾಗೆ ಕಾಲಿನ ಅಕ್ಷರದಲ್ಲಿ, ಕನ್ನಡದಲ್ಲೇ ರುಜು ಹಾಕಿದೆ.