ನೀವು ಸುಳ್ಳೆಂದ ತಾರಾಬಾಯಿ ಇನ್ನೂ ಬದುಕಿದ್ದಾರೆ

ಇಂಗ್ಲಿಷ್ ಪ್ರಾವೀಣ್ಯ ಪರೀಕ್ಷೆಯ ಪ್ರಾದೇಶಿಕ ಮುಖ್ಯಾಧಿಕಾರಿಗಳಿಗೆ,
ಗೋಕಾಕ, 9 ಆಗಸ್ಟ್ 2007

ಮಾನ್ಯರೇ,

ನಿಮ್ಮ ಕಚೇರಿ ಒಬ್ಬ ವೃದ್ಧೆಯನ್ನು ಸುಳ್ಳು ಎಂದು ತೀರ್ಮಾನಿಸಿದೆ. ಆ ವೃದ್ಧೆ ಹುಕ್ಕೇರಿ ತಾಲೂಕಿನ ಒಂದು ಹಳ್ಳಿಯಲ್ಲಿ, ನಾನು ಈ ಪತ್ರ ಬರೆಯುವ ಹೊತ್ತಿಗೆ, ಉಸಿರಾಡುತ್ತಿದ್ದಾರೆ. ನೀವು ಓದುವ ಹೊತ್ತಿಗೂ ಉಸಿರಾಡುತ್ತಿರುತ್ತಾರೆ ಎಂದು ಭರವಸೆ ಕೊಡುವ ಶಕ್ತಿ ನನಗಿಲ್ಲ. ಲಕೋಟೆಯಲ್ಲಿಟ್ಟು ಕಳಿಸಿದ ಮೂರು ಪತ್ರಗಳಿಗೆ ನಿಮ್ಮಿಂದ ಒಂದು ಸಾಲಿನ ಉತ್ತರವೂ ಬರಲಿಲ್ಲ. ಹಾಗಾಗಿ ನಾಲ್ಕನೆಯದನ್ನು ಊರೆಲ್ಲ ಓದುವಂತೆ ಪತ್ರಿಕೆಗೆ ಕೊಟ್ಟಿದ್ದೇನೆ.

ದೂರು ಇಷ್ಟೇ. ಕಳೆದ ಜೂನ್ ತಿಂಗಳಲ್ಲಿ ಪುಣೆಯಲ್ಲಿ ನೀವು ನಡೆಸಿದ ಪರೀಕ್ಷೆಗೆ ಭಕ್ತಿ ಎಂಬ ಹುಡುಗಿ ಕೂತಿದ್ದಳು. ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಓದಿ, ಕಿತ್ತ ದಾಳಿಂಬೆಯನ್ನು ಕೆಡದಂತೆ ಇಡುವುದು ಹೇಗೆ ಎಂಬ ವಿಷಯದಲ್ಲಿ ಮುಂದೆ ಓದಬೇಕೆಂದವಳು. ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯ ಅವಳಿಗೆ ಸೀಟು ಕೊಟ್ಟಿದೆ. ಆಗಸ್ಟ್ ಮೂವತ್ತೊಂದರೊಳಗೆ ನಿಮ್ಮ ಅಂಕಪಟ್ಟಿ ಅಲ್ಲಿಗೆ ಮುಟ್ಟಬೇಕು. ನೀವು ಅದನ್ನು ತಡೆಹಿಡಿದು, ಅವಳ ಮಾತಿನ ಪರೀಕ್ಷೆಯ ಉತ್ತರ "ಬೇರೆಯವರದು, ಕಂಠಪಾಠ ಮಾಡಿದ್ದು" ಎಂದು ಬರೆದು, ಎರಡು ವರ್ಷ ಪರೀಕ್ಷೆಗೆ ಕೂರದಂತೆ ನಿಷೇಧ ಹಾಕಿದ್ದೀರಿ. ಮೇಲ್ಮನವಿ ಹಾಕಿದರೆ ತೊಂಬತ್ತು ದಿನಗಳಲ್ಲಿ ಉತ್ತರಿಸುತ್ತೀರಂತೆ. ಆಗಸ್ಟ್ ಒಂಬತ್ತಕ್ಕೂ ಮೂವತ್ತೊಂದಕ್ಕೂ ನಡುವೆ ಎಷ್ಟು ದಿನ ಎಂದು ನಮ್ಮ ಕಡೆಯ ಮೂರನೆಯ ಇಯತ್ತೆಯ ಮಕ್ಕಳು ಬೆರಳು ಮಡಚದೆ ಹೇಳುತ್ತಾರೆ.

ಇದನ್ನೆಲ್ಲ ಹೇಳಲು ನೀನು ಯಾರು ಎಂದು ಕೇಳುವಿರಿ. ಗೋಕಾಕದ ಪೇಟೆಯಲ್ಲಿ, ಬಟ್ಟೆ ಅಂಗಡಿಯೊಂದರ ಮಾಳಿಗೆಯ ಮೇಲೆ ಇಂಗ್ಲಿಷ್ ಕ್ಲಾಸು ನಡೆಸುವ ಮಾಸ್ತರ ನಾನು. ಗೋಕಾಕ ಫಾಲ್ಸಿನ ನೂಲಿನ ಗಿರಣಿಯಲ್ಲಿ ದುಡಿದವರ ಮಗ. ಪುಣೆಯಿಂದ ಆಚೆ ಒಂದೂರನ್ನೂ ಕಂಡವನಲ್ಲ, ಆದರೂ ಏಳು ವರ್ಷದಿಂದ ಹುಡುಗರನ್ನು ಸಮುದ್ರದಾಚೆಗೆ ಕಳಿಸುವ ತಯಾರಿ ಮಾಡಿಸುತ್ತಿದ್ದೇನೆ. ನಗುವುದಿದ್ದರೆ ನಗಿ. ನಡೆದದ್ದಕ್ಕೆಲ್ಲ ಮೂಲ ನಾನೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಲ್ಲ ನಾನು, ಕುಂಬಳಕಾಯಿ ಹೊತ್ತುಕೊಂಡೇ ನಿಮ್ಮ ಬಾಗಿಲಿಗೆ ಬಂದಿದ್ದೇನೆ.

ಮಾರ್ಚ್ ತಿಂಗಳಲ್ಲಿ ಒಂದು ದಿನ ನನ್ನ ಹನ್ನೊಂದು ವಿದ್ಯಾರ್ಥಿಗಳಿಗೆ, ನೀವು ಗೌರವಿಸುವ ಒಬ್ಬ ಹಿರಿಯರ ಬಗ್ಗೆ ಬರೆಯಿರಿ ಎಂದೆ. ಹತ್ತು ಜನ ಗೈಡಿನಲ್ಲಿದ್ದ ಹಿರಿಯರನ್ನು ಬರೆದರು. ಭಕ್ತಿ ತನ್ನ ಅಜ್ಜಿ ತಾರಾಬಾಯಿಯವರನ್ನು ಬರೆದಳು. ಅವರು ಜೈನರು. ಬಾವಿಯಿಂದ ಸೇದಿದ ನೀರನ್ನು ದಪ್ಪ ಬಟ್ಟೆ ಎರಡು ಮಡಿಕೆ ಮಾಡಿ ಸೋಸದೆ ಮುಟ್ಟುವವರಲ್ಲ. ಅಷ್ಟು ನಿಮಗೂ ಗೊತ್ತಿರಬಹುದು. ಸೋಸಿದ ಮೇಲೆ ಆ ಬಟ್ಟೆಯನ್ನು ಕೊಡವಿ ಒಣಗಿಸುವುದಿಲ್ಲ. ಅದರಲ್ಲಿ ಸಿಕ್ಕಿರುವ ಕಣ್ಣಿಗೆ ಕಾಣದ ಜೀವಗಳನ್ನು ಸೋಸಿದ ನೀರಿನಲ್ಲೇ ಜಾಲಾಡಿ, ಯಾವ ಬಾವಿಯಿಂದ ಬಂದವೋ ಅದೇ ಬಾವಿಗೆ ಮರಳಿ ಬಿಡುತ್ತಾರೆ. ಬಾಜೂ ಮನೆಯ ಬಾವಿಗೆ ಬಿಟ್ಟರೆ ನಡೆಯುವುದಿಲ್ಲ, ಅವು ಅಲ್ಲಿ ಬದುಕುವುದಿಲ್ಲವಂತೆ. ಇದನ್ನು ಆ ಹುಡುಗಿ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆದಿದ್ದಳು. ಓದಿ ನನ್ನ ಕಣ್ಣು ತುಂಬಿತು, ಹೇಳಿಕೊಳ್ಳಲು ನಾಚಿಕೆಯಿಲ್ಲ. ನಾಚಿಕೆಪಡಬೇಕಾದದ್ದು ಆಮೇಲೆ ಮಾಡಿದ ಕೆಲಸಕ್ಕೆ. ಅದನ್ನು ಹಲಗೆಯ ಮೇಲೆ ಬರೆದು, ಎಲ್ಲರೂ ಇಳಿಸಿಕೊಂಡು ಬಾಯಿಪಾಠ ಮಾಡಿ ಎಂದೆ.

ನಿಮ್ಮ ನಿಯಮದ ಪುಸ್ತಕದಲ್ಲಿ ಇದು ವಂಚನೆ. ನಮ್ಮ ಸಾಲೆಗಳಲ್ಲಿ ಇದೇ ವಿದ್ಯೆ. ಒಬ್ಬರಿಗೆ ಬಂದದ್ದು ಎಲ್ಲರದು. ಬಂದವರು ಎದ್ದು ನಿಂತು ಹೇಳಬೇಕು, ಉಳಿದವರು ಹಿಂದಿನಿಂದ ಒಕ್ಕೊರಲಿನಲ್ಲಿ ಹೇಳಬೇಕು. ಮಗ್ಗಿ ಹೀಗೆ ಬಂತು, ವಚನ ಹೀಗೆ ಬಂತು, ಭಕ್ತಿಯ ಮನೆಯ ಸ್ತೋತ್ರವೂ ಹೀಗೇ ಬಂತು. ಚಲೋ ಉತ್ತರವನ್ನು ಮುಚ್ಚಿಟ್ಟುಕೊಂಡವರಿಗೆ ನಮ್ಮಲ್ಲಿ ಜಿಪುಣ ಎನ್ನುತ್ತಾರೆ, ಪ್ರಾಮಾಣಿಕ ಎನ್ನುವುದಿಲ್ಲ. ಆದರೂ ಒಂದು ಮಾತು ಅವಳನ್ನು ಕೇಳಿದ್ದೆ.

"ಭಕ್ತಿ, ಇದನ್ನ ಎಲ್ಲಾರೂ ಬಾಯಿಪಾಠ ಮಾಡ್ಲೇನವಾ?"

"ಮಾಡ್ಲಿ ಬಿಡ್ರಿ ಸರ್. ಹೇಳಿದ್ರ ನಮ್ಮ ಆಯಿ ಏನ್ ಸವೀತಾಳೇನ್ರಿ?" ಎಂದು ನಕ್ಕಳು. ಅಜ್ಜಿಗೆ ನಮ್ಮ ಕಡೆ ಆಯಿ ಎನ್ನುತ್ತೇವೆ.

ಅಲ್ಲಿಗೆ ನಿಲ್ಲದೆ ನಾನು ಇನ್ನೊಂದು ಜಾಣತನ ಕಲಿಸಿದೆ. ಯಾವ ಪ್ರಶ್ನೆ ಬಂದರೂ ಅದನ್ನು ಸುತ್ತಿಸಿ ಆಯಿಯ ಬಾವಿಯ ಹತ್ತಿರ ತಂದು ನಿಲ್ಲಿಸಿ, ಅಲ್ಲಿಂದ ಮುಂದೆ ಹೆದರಿಕೆಯಿಲ್ಲ ಎಂದೆ. ಹುಡುಗರು ಮಾಸ್ತರನ ಮಾತು ಮೀರಿದವರಲ್ಲ. ಹನ್ನೊಂದೂ ಜನ ಒಂದೇ ಕ್ರೂಸರ್ ಗಾಡಿಯಲ್ಲಿ ಪುಣೆಗೆ ಹೋದೆವು. ಪರೀಕ್ಷಕರು ಒಬ್ಬರೇ. ಮುಂಜಾನೆ ಮೊದಲು ಒಳಗೆ ಹೋದವನು ಮೂಡಲಗಿ ಕಡೆಯ ಬೀರಸಿದ್ದಪ್ಪ. ನೀವು ಕೊಳ್ಳಬಯಸುವ ಒಂದು ವಾಹನದ ಬಗ್ಗೆ ಹೇಳಿ ಎಂದು ಕೇಳಿದರಂತೆ. ಇವನು ಒಂದು ಟ್ರ್ಯಾಕ್ಟರ್ ಕೊಂಡು, ಅದರಲ್ಲಿ ಆಯಿಯನ್ನು ಕೂರಿಸಿ, ನೇರ ಬಾವಿಗೆ ಕರೆದುಕೊಂಡು ಹೋಗಿದ್ದಾನೆ. ಬಾಗಿಲಾಚೆ ಬಂದು "ಸರ್, ಆಯಿ ಕೈ ಹಿಡದ್ಳ್ರಿ!" ಎಂದು ಕುಣಿದ. ಪರಂಪರೆಯಿಂದ ಕುರಿ ಸಾಕುವ ಮನೆಯವನು, ಜಾತ್ರೆಗೆ ಕುರಿ ಕಡಿಯುವ ಮನೆಯವನು, ನೀರೊಳಗಿನ ಹುಳುವಿಗೂ ನೋವು ಮಾಡದ ಅಜ್ಜಿಯ ಮೊಮ್ಮಗನಾಗಿ ಹೊರಬಂದಿದ್ದ. ನಾವೆಲ್ಲ ನಕ್ಕೆವು.

ಭಕ್ತಿಯ ಸರದಿ ಸಂಜೆ ನಾಲ್ಕಕ್ಕೆ, ಎಲ್ಲರಿಗಿಂತ ಕೊನೆಗೆ. ಅಷ್ಟರಲ್ಲಿ ನಿಮ್ಮ ಪರೀಕ್ಷಕರು ತಾರಾಬಾಯಿಯವರನ್ನು ಹತ್ತು ಸಲ ಕೇಳಿ ಮುಗಿಸಿದ್ದರು. ವಿಧಿಯ ಆಟ ನೋಡಿ, ಅವಳಿಗೆ ಬಂದ ಪ್ರಶ್ನೆ ನೀವು ಗೌರವಿಸುವ ಹಿರಿಯರು ಯಾರು ಎಂಬುದು. ಸುತ್ತಿಸುವ ಅಗತ್ಯವೇ ಇರಲಿಲ್ಲ. ನನ್ನ ಅಜ್ಜಿ ನೀರನ್ನು ಬಟ್ಟೆಯಲ್ಲಿ ಸೋಸುತ್ತಾರೆ ಎಂದು ಮೊದಲ ವಾಕ್ಯ ಹೇಳುತ್ತಿದ್ದಂತೆ ಪರೀಕ್ಷಕರು ಪೆನ್ನು ಕೆಳಗಿಟ್ಟರಂತೆ.

"ಅವರು ನಕ್ರಿ ಸರ್," ಎಂದಳು ಹೊರಗೆ ಬಂದು. "ಸಿಟ್ಟ ಮಾಡಿದ್ರ ಹೇಳ್ತಿದ್ನಿ, ಈಕಿ ಖರೇನ ನಮ್ಮ ಆಯಿ ಅದಾಳ್ರಿ ಅಂತ. ನಕ್ಕಿದ್ದಕ್ಕ ಮಾತ ಬರ್ಲಿಲ್ರಿ."

ಈಗ ಹೇಳಿ ಮಾನ್ಯರೇ, ಹತ್ತು ಜನ ಎರವಲು ತಂದರು, ಒಬ್ಬಳು ತನ್ನದನ್ನು ತಂದಳು. ಹನ್ನೊಂದು ಜನರಿಗೂ ಒಂದೇ ಬರೆ ಎಳೆದಿರಲ್ಲ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನಿಮ್ಮ ಇಂಗ್ಲಿಷಿನಲ್ಲೂ ಇದೆಯೇ? ಯಾರದು ಖರೆ ಎಂದು ತಿಳಿಯಲು ನಿಮಗೆ ಬೇಕಾದದ್ದು ಇನ್ನೊಂದೇ ಪ್ರಶ್ನೆ. ಆ ಜೀವಗಳನ್ನು ಬಾವಿಗೆ ಹೇಗೆ ಬಿಡುತ್ತೀರಿ ಎಂದು ಕೇಳಿದ್ದರೆ ಸಾಕಿತ್ತು. ಹತ್ತು ಜನ ಮಿಕಿಮಿಕಿ ನೋಡುತ್ತಿದ್ದರು, ಏಕೆಂದರೆ ಅದು ನನ್ನ ಹಲಗೆಯ ಮೇಲೆ ಇರಲಿಲ್ಲ. ನನಗೂ ಗೊತ್ತಿರಲಿಲ್ಲ. ಹೋದ ವಾರ ಅವರ ಮನೆಗೆ ಹೋಗಿ ಕಣ್ಣಾರೆ ನೋಡಿದೆ. ಮೇಲಿನಿಂದ ಸುರಿದರೆ ಪೆಟ್ಟಾಗುತ್ತದೆಂದು, ಕೊಡದ ಬುಡಕ್ಕೆ ಇನ್ನೊಂದು ಹಗ್ಗ ಕಟ್ಟಿ, ನೀರಿಗೆ ತಾಗುವವರೆಗೆ ಇಳಿಸಿ, ಆಮೇಲೆ ಆ ಹಗ್ಗ ಜಗ್ಗಿ ಮೆಲ್ಲಗೆ ಬೋರಲು ಮಾಡುತ್ತಾರೆ. ಈಗ ಮನೆಯಲ್ಲಿ ಆ ಕೆಲಸ ಭಕ್ತಿಯದು.

ಕೇಳಬಾರದ ಒಂದು ವಿಷಯವನ್ನೂ ನಿಮಗೆ ಕೇಳಿಸಬೇಕು. ನನ್ನ ಹಲಗೆಯ ಮೇಲಿನ ಆಯಿ ನನ್ನ ಕ್ಲಾಸಿನಲ್ಲೇ ಉಳಿದಿಲ್ಲ. ಹೋದ ತಿಂಗಳು ಮೂಡಲಗಿಯ ಬಸ್ ಸ್ಟ್ಯಾಂಡಿನ ಬಾಜೂ ಇರುವ ಝೆರಾಕ್ಸ್ ಅಂಗಡಿಯಲ್ಲಿ ಆ ಹಾಳೆ ಕಂಡೆ. ಯಾರೋ ಕೈಬರಹವನ್ನು ಟೈಪು ಮಾಡಿಸಿದ್ದಾರೆ. ತಾರಾಬಾಯಿ ಎಂಬ ಹೆಸರಿದ್ದ ಕಡೆಯಲ್ಲೆಲ್ಲ ಚುಕ್ಕಿ ಹಾಕಿ ಜಾಗ ಖಾಲಿ ಬಿಟ್ಟಿದ್ದಾರೆ, ಅವರವರ ಅಜ್ಜಿಯ ಹೆಸರು ತುಂಬಿಕೊಳ್ಳಲಿ ಎಂದು. ಹುಕ್ಕೇರಿಯಲ್ಲೂ ಹೊಸ ಕ್ಲಾಸು ತೆರೆದಿದೆ, ಅಲ್ಲಿಯೂ ಇದೇ ಹಾಳೆ ನಡೆಯುತ್ತಿದೆ ಎಂದು ಕೇಳಿದೆ. ಹರಿದು ಹಾಕಿ ಎಂದು ಬೇಡಿಕೊಂಡೆ, ನಕ್ಕರು. ಬರುವ ತಿಂಗಳುಗಳಲ್ಲಿ ನಿಮ್ಮ ಕೋಣೆಗಳಿಗೆ ಆ ಆಯಿ ಮತ್ತೆ ಮತ್ತೆ ಬರುತ್ತಾರೆ, ಬೇರೆ ಬೇರೆ ಹೆಸರು ಹೊತ್ತು. ಹುಕ್ಕೇರಿ ತಾಲೂಕಿನ ಆ ಹಳ್ಳಿಯ ಮನೆಯಲ್ಲಿ ಅವರು ಇಲ್ಲವಾದ ಮೇಲೂ ಬರುತ್ತಲೇ ಇರುತ್ತಾರೆ. ಇದನ್ನು ನೆನೆದರೆ ನನಗೆ ಭಯವಾಗುತ್ತದೆ.

ಬೀರಸಿದ್ದಪ್ಪನನ್ನು ಕರೆದು, ನಿನ್ನ ಸ್ವಂತ ಆಯಿ ಗುಡ್ಡವ್ವನ ಬಗ್ಗೆ ಎರಡು ಮಾತು ಹೇಳು ನೋಡೋಣ ಎಂದೆ. ನೆಲ ನೋಡಿದ. "ನಮ್ಮ ಆಯಿದು ಇಂಗ್ಲಿಷ್‌ನ್ಯಾಗ ಏನ್ ಹೇಳೂದೈತ್ರಿ ಸರ್, ಕುರಿ ಹಿಂದ ತಿರಗಿದಾಕಿ," ಎಂದ. ಈ ಪಾಠ ಅವನಿಗೆ ಕಲಿಸಿದವರು ಯಾರು? ನಾನು ಕಲಿಸಿದೆ, ನಿಮಗೆ ಮೆಚ್ಚುಗೆಯಾಗುವ ಅಜ್ಜಿ ಎಂಥವಳು ಎಂದು ಊಹೆ ಮಾಡಿ ಮಾಡಿ. ಎರಡು ನಿಮಿಷದಲ್ಲಿ ಒಬ್ಬ ಮನುಷ್ಯನನ್ನು ತೂಗುವ ತಕ್ಕಡಿ ಇಟ್ಟುಕೊಂಡವರು ನೀವು. ಪಾಪದಲ್ಲಿ ಅರ್ಧ ಪಾಲು ನಿಮಗೂ ಬರುತ್ತದೆ. ಭಕ್ತಿಯ ಸ್ಥಿತಿ ಇನ್ನೂ ಕೆಟ್ಟದ್ದು. ಮೊನ್ನೆ ಅವಳು ಹೇಳಿದ ಮಾತು ಇದು: "ಸರ್, ಈಗ ಆಯಿ ನೀರ ಸೋಸೂದು ನೆನಪ ಮಾಡ್ಕೊಂಡ್ರ ನಿಮ್ಮ ಹಲಗಿ ಮ್ಯಾಲಿನ ಅಕ್ಷರನ ಕಾಣ್ತಾವ್ರಿ. ಆಯಿ ಮಾರಿ ಕಾಣಂಗಿಲ್ರಿ."

ಇನ್ನು ತಾರಾಬಾಯಿಯವರ ಸಂಗತಿ. ಅವರಿಗೆ ಎಂಬತ್ತೆಂಟು. ವಾಸಿಯಾಗದ ಬೇನೆ ಬಂದು, ವೈದ್ಯರು ಕೈಚೆಲ್ಲಿದ ಮೇಲೆ, ಮುನಿಗಳ ಅನುಮತಿ ಪಡೆದು ಸಲ್ಲೇಖನ ವ್ರತ ಹಿಡಿದಿದ್ದಾರೆ. ಊಟವನ್ನು ಒಂದೊಂದಾಗಿ ಬಿಟ್ಟು, ಯಾರ ಮೇಲೂ ಸಿಟ್ಟಿಲ್ಲದೆ, ಏನನ್ನೂ ಬಯಸದೆ ದೇಹ ಬಿಡುವ ವ್ರತ. ಅಕ್ಕಿ ಜೋಳ ಮೊದಲೇ ನಿಂತವು, ಹಾಲೂ ನಿಂತಿತು. ಹೋದ ವಾರ ನಾನು ಹೋದಾಗ ದಿನಕ್ಕೆ ಒಂದಿಷ್ಟು ಮಜ್ಜಿಗೆ, ಒಂದಿಷ್ಟು ನೀರು. ಅವರ ಮಗ ಪಾಯಪ್ಪನವರು ಹೊಸ್ತಿಲಲ್ಲೇ ನನ್ನ ಕೈ ಹಿಡಿದರು.

"ಮಾಸ್ತರ, ಪರೀಕ್ಷಾದ ಸುದ್ದಿ ಅವ್ವನ ಮುಂದ ತಗೀಬ್ಯಾಡ್ರಿ. ಆಕಿ ಮನಸ್ಸು ಹಗರ ಇರಬೇಕ್ರಿ ಈಗ."

ತೆಗೆಯಲಿಲ್ಲ. ತಾರಾಬಾಯಿಯವರಿಗೆ ಆಗಲೇ ಗೊತ್ತಿತ್ತು. ಚಾಪೆಯ ಮೇಲೆ ಒರಗಿದ್ದವರು ನನ್ನನ್ನು ನೋಡಿ, ಹತ್ತಿರ ಕರೆದು, ತಡೆದು ತಡೆದು ಕೇಳಿದರು. "ಏನ್ರಿ ಮಾಸ್ತರ, ನನ್ನ ಸುದ್ದಿ ಹೇಳಿದ್ದಕ್ಕ ಹುಡುಗಿ ನಪಾಸ ಆದ್ಳಂತಲ್ರಿ?"

"ಅಲ್ರಿ ಆಯಿ, ತಪ್ಪ ನಂದ್ರಿ," ಎಂದೆ.

"ನಾ ಎಲ್ಲಾರ ಕಡೆ ಕ್ಷಮಾ ಕೇಳೇನ್ರಿ. ಸೊಸಿ ಕಡೆ ಕೇಳೇನಿ, ದನಾ ಕಾಯಾಂವನ ಕಡೆ ಕೇಳೇನಿ, ಜಗಳಾಡಿದ ನೆಗೆಣ್ಣಿ ಮನಿಗೆ ಹೇಳಿ ಕಳಿಸೇನಿ. ಆ ಪರೀಕ್ಷಾ ಮಾಡಾವ್ರು ಒಬ್ರು ಉಳದಾರ. ನನ್ನಿಂದ ಅವರ ಮನಸ್ಸಿಗೆ ನೋವಾಗಿದ್ರ ಕ್ಷಮಾ ಮಾಡ್ರಿ ಅಂತ ಬರೀರಿ. ಹುಡುಗಿ ಸುಳ್ಳ ಹೇಳಿಲ್ಲ, ನಾ ಅದೇನಿ ಅಂತನೂ ಬರೀರಿ."

ಬರೆದಿದ್ದೇನೆ ಮಾನ್ಯರೇ. ನಿಮ್ಮನ್ನು ಕಂಡಿಲ್ಲದ, ನಿಮ್ಮ ಭಾಷೆ ಬಾರದ, ನಿಮಗೆ ಯಾವ ಕೇಡನ್ನೂ ಮಾಡದ ಒಬ್ಬರು ನಿಮ್ಮಲ್ಲಿ ಕ್ಷಮೆ ಕೇಳುತ್ತಿದ್ದಾರೆ. ಕ್ಷಮೆ ಕೇಳಬೇಕಾದವರು ಯಾರು ಎಂಬ ತಕರಾರು ನಮ್ಮ ನಿಮ್ಮ ನಡುವೆ ಇರಲಿ, ಆ ಮನೆಯವರೆಗೆ ಹೋಗುವುದು ಬೇಡ.

ನನ್ನ ಬೇಡಿಕೆ ಹೀಗಿದೆ. ಆ ಸಂಜೆ ನಾಲ್ಕಕ್ಕೆ ಭಕ್ತಿ ಆಡಿದ ಮಾತಿನ ಟೇಪು ನಿಮ್ಮಲ್ಲೇ ಇದೆ, ತೆಗೆದು ಕೇಳಿ. ಭಕ್ತಿಯನ್ನು ಈ ತಿಂಗಳ ಮೂವತ್ತೊಂದರೊಳಗೆ ಮತ್ತೊಮ್ಮೆ ಎದುರು ಕೂರಿಸಿ, ಹಾಳೆಯಲ್ಲಿಲ್ಲದ ಪ್ರಶ್ನೆ ಕೇಳಿ. ಪುಣೆಗಾದರೂ ಕರೆಯಿರಿ, ಫೋನಿನಲ್ಲಾದರೂ ಮಾತಾಡಿ. ನನ್ನ ಕ್ಲಾಸಿಗೆ ಬೀಗ ಹಾಕಿಸಿ, ನನ್ನ ಹೆಸರನ್ನು ನಿಮ್ಮ ಕಪ್ಪು ಪಟ್ಟಿಯ ತಲೆಗೇ ಬರೆಯಿರಿ, ತಕರಾರಿಲ್ಲ. ಹತ್ತು ಹುಡುಗರನ್ನು ಎರಡು ವರ್ಷದ ಬದಲು ಆರು ತಿಂಗಳಿಗೆ ಬಿಟ್ಟರೆ ಅವರು ತಮ್ಮ ಅಜ್ಜಿಯರನ್ನು ನೆನೆಸಿಕೊಳ್ಳಲು ಸಮಯ ಸಿಗುತ್ತದೆ.

ಮತ್ತು ತಾರಾಬಾಯಿಯವರಿಗೆ ಉತ್ತರ ಬರೆಯಿರಿ. ಇಂದು ಮುಂಜಾನೆ ಪಾಯಪ್ಪನವರು ಫೋನ್ ಮಾಡಿದ್ದರು. ನಿನ್ನೆಯಿಂದ ಮಜ್ಜಿಗೆಯೂ ನಿಂತಿದೆ, ಇನ್ನು ನೀರು ಮಾತ್ರ. ಏನನ್ನೂ ಬಯಸಬಾರದ ವ್ರತದಲ್ಲಿ ಇದ್ದುಕೊಂಡು, ಕಣ್ಣು ತೆರೆದಾಗೊಮ್ಮೆ "ಕಾಗದ ಬಂತೇನು" ಎಂದು ಕೇಳುತ್ತಾರಂತೆ. ಕ್ಷಮಿಸಿದ್ದೇವೆ ಎಂದು ಬರೆಯಿರಿ, ಕ್ಷಮಿಸುವುದಿಲ್ಲ ಎಂದಾದರೂ ಬರೆಯಿರಿ. ಯಾವ ಭಾಷೆಯಲ್ಲಾದರೂ ಸರಿ, ಭಕ್ತಿ ಓದಿ ಹೇಳುತ್ತಾಳೆ. ಅವರ ಕಿವಿ ಕೇಳುತ್ತಿರುವಾಗಲೇ ಬರೆಯಿರಿ.

ಇಂತಿ,
ಒಬ್ಬಳ ಅಜ್ಜಿಯನ್ನು ಹನ್ನೊಂದು ಜನರಿಗೆ ಹಂಚಿ ಕಳೆದುಹಾಕಿದ,
ರಾಜಪ್ಪ ಮಾಸ್ತರ
ಬಟ್ಟೆ ಅಂಗಡಿಯ ಮಾಳಿಗೆ, ಗೋಕಾಕ