ಹಳೇ ಸೀರೆಯ ಗೂಡು

13 ಫೆಬ್ರವರಿ 2025, ಗುರುವಾರ

ಪಾಪು ಉಸಿರಾಡುತ್ತಿದ್ದಾನೆ. ಈಗಷ್ಟೇ ಮತ್ತೆ ಮೂಗಿನ ಹತ್ತಿರ ಬೆರಳಿಟ್ಟು ನೋಡಿ ಬಂದೆ.

ಮಗಳು ಮೋಕ್ಷಿತಾಳನ್ನು ಈ ವರ್ಷ ಎಲ್‌ಕೆಜಿಗೆ ಹಾಕುವುದಿಲ್ಲ, ಮನೆಯಲ್ಲೇ ಕಲಿಸುತ್ತೇನೆ ಎಂದು ಹಟ ಹಿಡಿದವಳು ನಾನೇ. ನಮ್ಮ ರೇಷ್ಮೆ ಹುಳುಮನೆಯೇ ಅವಳ ಸ್ಕೂಲು. ಹಿಪ್ಪುನೇರಳೆ ಸೊಪ್ಪು ಎಣಿಸುತ್ತಾ ಲೆಕ್ಕ ಕಲಿತಳು. ಈ ವಾರ ಹುಳುಗಳು ಚಂದ್ರಿಕೆಯ ಬಿದಿರು ತಟ್ಟೆಯಲ್ಲಿ ಗೂಡು ಕಟ್ಟುವುದನ್ನು ಕಣ್ಣು ಮಿಟುಕಿಸದೆ ನೋಡಿದಳು. "ಒಳಗೆ ಮಲಗಿ ಎದ್ರೆ ರೆಕ್ಕೆ ಬರುತ್ತೆ ಕಣೇ" ಎಂದಿದ್ದೆ. ರೆಕ್ಕೆ ಬರುವ ಮೊದಲೇ ಗೂಡನ್ನು ಕುದಿಯುವ ನೀರಿಗೆ ಹಾಕುತ್ತಾರೆ ಎಂದು ಹೇಳಲು ಬಾಯಿ ಬರಲಿಲ್ಲ.

ಮಧ್ಯಾಹ್ನ ಬಟ್ಟೆ ಒಣಹಾಕಿ ಒಳಗೆ ಬಂದರೆ, ಪಾಪು ಮಲಗಿದ್ದ ಚಾಪೆಯ ಮೇಲೆ ನನ್ನ ಹಳೇ ಸೀರೆಯ ಉಂಡೆ. ಮುಖವೂ ಕಾಣುತ್ತಿರಲಿಲ್ಲ.

"ಮುಟ್ಬೇಡಮ್ಮಾ! ತಮ್ಮಂಗೆ ಗೂಡು ಕಟ್ಟಿದೀನಿ."

ಬಿಚ್ಚಿದೆ. ಮುಖ ಕಪ್ಪಿಟ್ಟಿತ್ತು. ಅವನು ಅಳುವವರೆಗೆ ನಾನು ಬದುಕಿರಲಿಲ್ಲ.

"ಸ್ಕೂಲಿಗೆ ಹಾಕಮ್ಮಾ ಅಂದ್ರೆ ಕೇಳಿದ್ಯಾ?" ಅತ್ತೆ ಅಂದದ್ದು ಅಷ್ಟೇ.

ಮಲಗುವಾಗ ಮೋಕ್ಷಿತಾ ಕೇಳಿದಳು: "ರೆಕ್ಕೆ ಬರೋಕ್ ಮುಂಚೆ ಯಾಕಮ್ಮಾ ಬಿಚ್ಚಿದ್ದು?"

ನಾಳೆ ಗೂಡೆಲ್ಲ ಮಾರ್ಕೆಟ್ಟಿಗೆ ಹೋಗುತ್ತದೆ. ಎಲ್ಲಿಗೆ, ಯಾಕೆ ಎಂದು ಕೇಳದೆ ಬಿಡುವವಳಲ್ಲ. ಇನ್ನು ಸುಳ್ಳು ಬೇಡ, ನಿಜ ಹೇಳಿಬಿಡೋಣ ಎಂದುಕೊಂಡೆ. ಆದರೆ ಹೇಳಿಕೊಟ್ಟದ್ದನ್ನೆಲ್ಲ ಅವಳು ಮಾಡಿ ನೋಡುತ್ತಾಳೆ. ಬೆಳಿಗ್ಗೆ ಪಾಪುವಿನ ಸ್ನಾನಕ್ಕೆ ಹಂಡೆಯಲ್ಲಿ ನೀರು ಕಾಯುತ್ತಿರುತ್ತದೆ.

ಬಚ್ಚಲುಮನೆ ಬಾಗಿಲಿಗೆ ಅವಳ ಕೈಗೆಟುಕದ ಹಾಗೆ ಒಂದು ಚಿಲಕ ಹಾಕಿಸಬೇಕು.